ಶ್ವೇತಳ ಪರವಾಗಿ ನಾನು ಬೇಡವೆಂದದ್ದು

ಶೀಳನೆರೆ
೯-೨-೨೦೨೬

ಮಗಳು ಶ್ವೇತಳಿಗೆ,

ಬರೆಯುತ್ತಿರುವುದು ನಿನ್ನ ದೊಡ್ಡಪ್ಪ. ಆರನೇ ಕ್ಲಾಸಿಗೇ ಬಿಟ್ಟ ಪೆನ್ನನ್ನು ಈ ವಯಸ್ಸಿನಲ್ಲಿ ಮತ್ತೆ ಹಿಡಿಸಿದ್ದಾರೆ. ನೀನು ಮನೆಯವರ ಫೋನು ಎತ್ತುವುದಿಲ್ಲ. ನಿನ್ನೆ ನಿಮ್ಮ ದೊಡ್ಡವ್ವ ದೊಡ್ಡತಾಯಮ್ಮ ನನ್ನ ಮುದ್ದೆ ತಟ್ಟೆಯ ಪಕ್ಕ ಹಾಳೆ ತಂದಿಟ್ಟು, "ಬಾಯಲ್ಲಿ ಹೇಳಕ್ಕಾಗ್ದಿದ್ರೆ ಕೈಯಲ್ಲಿ ಬರಿ. ಬರ್ಯೋಗಂಟ ಸಾರು ಬುಡಕಿಲ್ಲ" ಎಂದಳು. ಒಣ ಮುದ್ದೆ ನುಂಗುವ ಗಂಟಲು ನನಗಿಲ್ಲ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವತ್ತು ನಿನ್ನ ಆಫೀಸಿನವರಿಗೆ ಬೇಡ ಎಂದದ್ದು ನಿಮ್ಮವ್ವ ಅಣ್ಣಮ್ಮ ಅಲ್ಲ. ನಾನು.

ಕ್ಯಾತನಹಳ್ಳಿಯ ಮರಿಸ್ವಾಮಿಯವರು ಮಗ ಕಿಶನ್‌ಗೆ ಹೆಣ್ಣು ಕೇಳಿಕೊಂಡು ಬಂದ ದಿನ ಅದು. ನೀನು ಒಳಗೆ ಸೀರೆ ಉಡುತ್ತಿದ್ದೆ. ನಡುಮನೆಯಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟಿತ್ತು. ಟೀವಿ ಪಕ್ಕ ಚಾರ್ಜಿಗೆ ಹಾಕಿದ್ದ ನಿನ್ನ ಫೋನು ಬಡಿದುಕೊಂಡಿತು. ನಮ್ಮ ಮನೆಯಲ್ಲಿ ಯಾರ ಫೋನಾದರೂ ದೊಡ್ಡವರೇ ಎತ್ತುವುದು, ಅದು ನಿನಗೂ ಗೊತ್ತು. ನಾನೇ ಎತ್ತಿದೆ.

ಕೆಲಸದಲ್ಲಿ ನಿನ್ನ ಮೇಲಿನವಳು, ದಿವ್ಯ. ಪಾಪ, ನನ್ನಂಥವನಿಗೂ ತಿಳಿಯುವಂತೆ ಬಿಡಿಸಿ ಹೇಳಿದಳು. ವಿಮಾನಕ್ಕೆ ಹೋಗುವ ಸೂಟ್‌ಕೇಸುಗಳಲ್ಲಿ ಏನಿದೆ ಎಂದು ನೀವು ಪರದೆ ನೋಡಿ ಹಿಡಿಯುತ್ತೀರಲ್ಲ, ಆ ಕೆಲಸಕ್ಕೆ ಹೊಸ ಮಿಷಿನ್ ಬರುತ್ತದಂತೆ. ಅದು ಪೆಟ್ಟಿಗೆಯ ಚಿತ್ರವನ್ನು ಸುತ್ತಲಿಂದಲೂ ತೆಗೆದು, ಅನುಮಾನ ಬಂದ ಕಡೆ ತಾನೇ ಗುರುತು ಹಾಕುತ್ತದಂತೆ. ಹತ್ತು ಜನ ಕೂರುವ ಕಡೆ ಮೂರು ಜನ ಸಾಕು. ಆ ಮಿಷಿನ್ ನಡೆಸುವುದನ್ನು ಕಲಿತವರು ಉಳಿಯುತ್ತಾರೆ, ಮಿಕ್ಕವರನ್ನು ವರ್ಷದೊಳಗೆ ಕಳಿಸುತ್ತಾರೆ. ಟ್ರೈನಿಂಗಿಗೆ ನಿನ್ನ ಹೆಸರು ಹಾಕಲೇ, ಸಂಜೆಯೊಳಗೆ ಹೇಳಬೇಕು ಎಂದಳು.

ಮರಿಸ್ವಾಮಿ ಎದುರಿಗೇ ಕೂತಿದ್ದರು. "ಹೆಣ್ಮಗ ರಾತ್ರಿ ಪಾಳಿ ಅಂತ ತಿರುಗಾಡ್ತಿದ್ರೆ ನಮ್ಗೆ ಸರಿಬರಾಕಿಲ್ಲ ಕಣಣ್ಣ" ಎಂದು ಆಗಷ್ಟೇ ಹೇಳಿದ್ದರು. ಅವರ ಮುಂದೆ ಫೋನನ್ನು ಒಳಗೆ ನಿನಗೆ ಕೊಟ್ಟು ಕಳಿಸಿದರೆ ಈ ಮನೆಗೆ ಯಜಮಾನ ಯಾರು ಅನ್ನುವಂತಾಗುತ್ತದೆ. "ಅವ್ಳಿಗೆ ಬ್ಯಾಡ ಕಣವ್ವ, ಮದ್ವೆ ಐತೆ. ಬ್ಯಾರೆ ಯಾರ್ಗಾರ ಕೊಡು" ಎಂದು ಇಟ್ಟುಬಿಟ್ಟೆ. ನಿನಗೆ ಹೇಳಲಿಲ್ಲ.

ನೀನು ಡ್ಯೂಟಿಗೆ ಹೋದ ಮೇಲೆ ದಿವ್ಯ "ನಿಮ್ಮನೆಯವ್ರೇ ಬೇಡ ಅಂದ್ರು" ಎಂದಳಂತೆ. ರಾತ್ರಿ ಪಾಳಿಗೆ ಮೊದಲಿಂದ ಗೊಣಗುತ್ತಿದ್ದವಳು ನಿಮ್ಮವ್ವ, ಹಾಗಾಗಿ ಅವಳೇ ಎಂದು ನೀನು ತಿಳಿದೆ. ಫೋನು ಮಾಡಿ ಅವಳನ್ನು ಬಾಯಿಗೆ ಬಂದಂತೆ ಅಂದೆ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನಾನು ಬೇಡ ಎಂದದ್ದನ್ನು ಅವಳು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ನನ್ನ ಕಡೆ ಒಂದು ಸಲ ನೋಡಿ, "ಊ ಕಣ್ ಮಗ, ನಂದೇ ತಪ್ಪು" ಎಂದಳು. ನಿಮ್ಮಪ್ಪ ತಿಮ್ಮರಾಜು ಹೋದ ಮೇಲೆ ಆ ಹೆಂಗಸು ನನಗೆ ಎದುರಾಡಿದವಳಲ್ಲ. ಅವತ್ತೂ ಆಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗ ಹಸು ಹಿಂಡುವಾಗ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ. ಮೊನ್ನೆ "ಏನು, ನೆಗಡಿಯಾ" ಎಂದು ಗದರಿದೆ. "ಊ ಬಾವ, ನೆಗ್ಡಿ" ಎಂದಳು. ಅಲ್ಲಿಂದ ಆಚೆಗೆ ನನಗೆ ಕೊಟ್ಟಿಗೆಯ ಕಡೆ ಕಾಲು ಹೋಗುತ್ತಿಲ್ಲ. ಅವಳು ಇಟ್ಟ ಕಾಫಿ ಆರುತ್ತದೆ, ಕುಡಿಯಲು ಆಗುವುದಿಲ್ಲ. ಕೊನೆಗೆ ದೊಡ್ಡತಾಯಮ್ಮನ ಹತ್ತಿರ ಕಕ್ಕಿದೆ. ಅದರ ಫಲವೇ ಈ ಹಾಳೆ.

ಮೊನ್ನೆ ಗುರುವಾರ ಕೆ.ಆರ್. ಪೇಟೆಗೆ ಹೋದವನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ದಿವ್ಯಳಿಗೆ ಫೋನು ಮಾಡಿದೆ. ಅವತ್ತು ಅಂದದ್ದು ನಾನು, ಹುಡುಗಿಯ ಹೆಸರು ಹಾಕಿಬಿಡು ಎಂದೆ. "ಪರದೆ ಮುಂದೆ ಕೂರೋರು ಯಾರು ಯಜಮಾನ್ರೆ, ನೀವಾ ಅವ್ಳಾ? ಅವ್ಳೇ ಹೇಳ್ಲಿ" ಎಂದಳು. ಎರಡನೇ ತಂಡ ಇದೆಯಂತೆ. ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಬಾಯಿಂದಲೇ ಬರಬೇಕು. ಮೂರನೇದು ಇಲ್ಲ.

ಕ್ಯಾತನಹಳ್ಳಿಗೆ ಇನ್ನೂ ಏನೂ ಹೇಳಿಲ್ಲ. ಹುಡುಗಿ ಕೆಲಸ ಬಿಡುವುದಿಲ್ಲ, ಬೇಕಾದರೆ ಮಾಡಿಕೊಳ್ಳಿ ಎಂದು ಹೇಳಿ ಬರಲು ಚಪ್ಪಲಿ ಮೆಟ್ಟಿದ್ದೆ. ದೊಡ್ಡತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮತ್ತೆ ಅವ್ಳನ್ನ ಕೇಳ್ದೆ ಹೊಂಟ್ಯಾ? ನಿಂಗೆ ಬುದ್ಧಿ ಯಾವಾಗ ಬಂದೀತು?" ಚಪ್ಪಲಿ ಬಿಟ್ಟು ಬಂದು ಕೂತೆ. ಟ್ರೈನಿಂಗು ಬೇಕೋ ಬೇಡವೋ, ಕಿಶನ್ ಬೇಕೋ ಬೇಡವೋ, ಎರಡನ್ನೂ ನೀನೇ ಹೇಳು. ನಾನು ಯಾರಿಗೆ ಏನು ಹೇಳಬೇಕೋ ಅಷ್ಟನ್ನು ಬರೆ, ಅಷ್ಟೇ ಹೇಳುತ್ತೇನೆ.

ಮೊದಲು ನಿಮ್ಮವ್ವನಿಗೆ ಫೋನು ಮಾಡು. ನನ್ನ ಮೇಲಿನ ಕೋಪವನ್ನು ಅವಳ ಮೇಲೆ ಹಾಕಿದ್ದು ಸಾಕು.

ನಿನ್ನ ಮುಂದೆ ಕೂತು ಇದನ್ನು ಹೇಳಲಾಗದ,
ದೊಡ್ಡಪ್ಪ ಚಿಕ್ಕಸ್ವಾಮಿ

ಸಹಿ ಹಾಕಿದ ಮೇಲೆ: ಮೇಲೆ ಒಂದು ಸುಳ್ಳಿದೆ. ಫೋನು ಬಂದಾಗ ಮರಿಸ್ವಾಮಿ ಎದುರಿಗಿರಲಿಲ್ಲ, ಹಿತ್ತಲಲ್ಲಿ ಕರು ನೋಡುತ್ತಿದ್ದರು. ನಡುಮನೆಯಲ್ಲಿ ನಾನೊಬ್ಬನೇ. "ಯಾವ್ ಮಿಷಿನ್ ಬಂದ್ರೂ ಶ್ವೇತನ್ನ ನಾವು ಬಿಟ್ಕೊಡಲ್ಲ" ಎಂದಳು ದಿವ್ಯ ಆ ಫೋನಿನಲ್ಲಿ. ಹಿಂದೆ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆಗೆ ಮಿಷಿನ್ ತಂದಾಗ, ವರ್ಷಗಟ್ಟಲೆ ಆ ಕೆಲಸ ಮಾಡಿದ ನನಗೆ ನಾಳೆಯಿಂದ ಬರಬೇಡ ಎಂದರು. ಕಲಿಯುತ್ತೀಯಾ ಎಂದು ಒಬ್ಬನೂ ಕೇಳಲಿಲ್ಲ. ನಿನ್ನನ್ನು ಕೇಳುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು ಕಣವ್ವ. ಅದಕ್ಕೇ ಬೇಡ ಎಂದೆ. ಇದು ದೊಡ್ಡತಾಯಮ್ಮನಿಗೂ ಗೊತ್ತಿಲ್ಲ. ಬೈಯುವುದಿದ್ದರೆ ಬೈದೇ ಬರೆ. ದಿವ್ಯಳಿಗೆ ನೀನೇ ಹೇಳು; ಇಪ್ಪತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಗೂ ಬರಬೇಕು.