ಮುಂಬ್ರಾ ಗುಡ್ಡದ ಏಳು ಹಾಳೆ

ಡಿಸೆಂಬರ್ 9, ಸೋಮವಾರ. ಬೆಳಗ್ಗೆ 7

ನಿನ್ನೆಯ ಶ್ರದ್ಧಾಂಜಲಿ ಸಭೆಯ ಲೆಕ್ಕ. ಹಾಲ್ ಆರು ಸಾವಿರ. ಫ್ಲೆಕ್ಸ್ ಒಂಬೈನೂರು. ಚಹಾ, ಉಪ್ಪಿಟ್ಟು — ನಮ್ಮದೇ ಕೇಟರಿಂಗ್, ಬಿಲ್ ಹಾಕಿಲ್ಲ. ಏಳು ಅತಿಥಿಗಳಿಗೆ ಏಳು ಶಾಲು, ಏಳು ಹಣ್ಣಿನ ಬುಟ್ಟಿ. ನೆನಪಿನ ಕಾಣಿಕೆಗೆ ಫ್ರೇಮಿನ ಖರ್ಚಷ್ಟೆ. ಒಳಗಿನ ಚಿತ್ರಗಳು ಸತ್ತ ಚಂದ್ರಾಮ ಬರೆದವು. ಪುಕ್ಕಟೆ.

ನಾನೂ ಅವನೂ ಸಿಂದಗಿ ಕಡೆಯವರು. ಮುಂಬೈ ಬಳಿಯ ಕಲ್ಯಾಣದಲ್ಲಿ ಒಟ್ಟಿಗೆ ಹಮಾಲಿ ಮಾಡಿದವರು. ನಾನು ಮಾತಾಡಿ ಮಾತಾಡಿಯೇ ಮೇಲೆ ಬಂದೆ — ಡೊಂಬಿವಲಿಯಲ್ಲಿ ಕೇಟರಿಂಗ್, ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಪದವಿ. ಅವನು ಸುಮ್ಮನಿದ್ದ, ಹಮಾಲನಾಗಿಯೇ ಉಳಿದ. ರವಿವಾರ ಬಂತೆಂದರೆ ಬುತ್ತಿ, ಪೆನ್ಸಿಲ್, ಮನೆಯಿರುವ ದಿವಾದಿಂದ ಲೋಕಲ್ ರೈಲು, ಮುಂಬ್ರಾ ಗುಡ್ಡ. ಹತ್ತೊಂಬತ್ತು ವರ್ಷ. ಒಮ್ಮೆ ಜೊತೆಗೆ ಹೋಗಿದ್ದೆ. ಇಡೀ ದಿನ ಅವನು ಆಡಿದ್ದು ಒಂದೇ ಮಾತು: "ಸ್ವಲ್ಪ ಬಾಯಿ ಮುಚ್ಚೋ ಮಾರಾಯಾ, ಹದ್ದು ಕುಂತೈತಿ."

ನಿನ್ನೆ ಅವನ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಮುಚ್ಚು ಎನ್ನುವವನಿರಲಿಲ್ಲ.

ಡಿಸೆಂಬರ್ 10

ಅವನ ಹೆಂಡತಿ ಶರಣಬಸಮ್ಮನ ಫೋನ್. "ಅಣ್ಣಾ, ಪುಸ್ತಕ ಯಾವಾಗ ಕೊಡ್ತಿ?"

ಸಭೆಯಲ್ಲಿ ತೋರಿಸಲೆಂದು ಅವನ ಡ್ರಾಯಿಂಗ್ ಪುಸ್ತಕ ತಂದಿದ್ದೆ. ನೂರು ಹಾಳೆ, ಸ್ಪೈರಲ್ ಕಟ್ಟಿದ್ದು. ಚೆಂದದ ಏಳನ್ನು ಬಿಚ್ಚಿ ತೆಗೆದು ಫ್ರೇಮ್ ಹಾಕಿಸಿದ್ದೆ. ಅತಿಥಿಗಳ ಕೈಯಲ್ಲಿ ನೋಡಿರುತ್ತಾಳೆ ಅಂದುಕೊಂಡಿದ್ದೆ. ಹೇಳಿದೆ.

"ನಾ ತಲಿ ಎತ್ತೇ ಇರಲಿಲ್ಲಣ್ಣಾ."

ಡಿಸೆಂಬರ್ 15, ರವಿವಾರ

ದಿವಾಕ್ಕೆ ಹೋಗಿ ಪುಸ್ತಕ ಕೊಟ್ಟೆ. ಮಗಳು ಕಾಂಚನಾ ಸ್ಪೈರಲ್ ತೆಗೆದು, ಬಿಲ್ಡಿಂಗಿನ ಪ್ಯಾಸೇಜಿನುದ್ದಕ್ಕೂ ಹಾಳೆ ಹಾಸಿದಳು. ಒಂದರ ಅಂಚಿಗೆ ಇನ್ನೊಂದು. ಗುಡ್ಡದ ಗೆರೆ ಒಂದು ಹಾಳೆಯಿಂದ ಮುಂದಿನದಕ್ಕೆ ಹಾಗೇ ಸಾಗುತ್ತದೆ. ಬಂಡೆ, ಮರ, ಕೆಳಗೆ ಖಾಡಿಯ ನೀರು... ಇಡೀ ಗುಡ್ಡ, ಒಂದೇ ಚಿತ್ರ. ನಡುನಡುವೆ ಏಳು ಕಡೆ ಬರಿಯ ಟೈಲ್ಸ್.

ಹಾಳೆಯ ಹಿಂದೆ ನಂಬರ್ ಹಾಕಿದ್ದ. ಸಣ್ಣಗೆ. ತಿರುಗಿಸಿ ನೋಡಿರಲಿಲ್ಲ ನಾನು. ಲೆಕ್ಕದ ಮನುಷ್ಯ.

"ತಪ್ಪಾತವ್ವಾ" ಎಂದೆ.

"ಕಾಕಾ, ಸಾತೋಂ ವಾಪಸ್ ಲೇಕೆ ಆವೋ" ಎಂದಳು. ಏಳೂ ಹಾಳೆ ವಾಪಸ್ ಬೇಕಂತೆ, ಬೇರೇನೂ ಬೇಡವಂತೆ.

ಜನವರಿ 5

ಮೂರು ಸಿಕ್ಕವು. ಡಾಕ್ಟರರು ತಕ್ಷಣ ಕೊಟ್ಟರು. ಮಾಸ್ತರರು ಸಿಟ್ಟಿನಿಂದ ಶಾಲನ್ನೂ ಮೈಮೇಲೆ ಎಸೆದರು. ಬ್ಯಾಂಕಿನವರು ಕೊಟ್ಟದ್ದರಲ್ಲಿ ಅವರ ಮೊಮ್ಮಗಳು ಆಕಾಶಕ್ಕೆ ಗುಲಾಬಿ ಸ್ಕೆಚ್‌ಪೆನ್ ಬಳಿದಿದ್ದಾಳೆ. ನಗರಸೇವಕರ, ಅಂದರೆ ಕಾರ್ಪೊರೇಟರರ, ಪಿಎ ಗೋದಾಮು ತೋರಿಸಿದ — ಸೂರಿನ ತನಕ ಮೆಮೆಂಟೊ. ಅರ್ಧ ದಿನ ಹುಡುಕಿದೆ. ಇಲ್ಲ. ಇಬ್ಬರು ಫೋನ್ ಎತ್ತುತ್ತಿಲ್ಲ. ಇನ್ನುಳಿದದ್ದು ಬಿಲ್ಡರ್.

ಜನವರಿ 9

ಐರೋಲಿ. ಬಿಲ್ಡರನ ಸೇಲ್ಸ್ ಆಫೀಸು. ಚಂದ್ರಾಮನ ಗುಡ್ಡ ಗೋಡೆಯ ಮೇಲೆ, ಕೆಳಗೆ 'ಹಿಲ್ ವ್ಯೂ, 2 ಬಿಎಚ್‌ಕೆ'. ಚಂದ್ರಾಮನ ಹೆಸರಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಬಿಲ್ಡರ್: "ಸಂಘದ ವಾರ್ಷಿಕೋತ್ಸವದ ಚೆಕ್ಕಿಗೆ ಬಂದದ್ದಲ್ವಾ? ತಕೊಂಡು ಹೋಗಿ ಮಾರಾಯ್ರೆ. ಈ ಸಲ ಡಬ್ಬಲ್."

ಚೆಕ್ ಜೇಬಿಗಿಟ್ಟೆ. ಚಹಾ ಕುಡಿದೆ. ಚಿತ್ರ ಚೆನ್ನಾಗಿದೆ ಎಂದೆ. ಎದ್ದು ಬಂದೆ.

ಫೆಬ್ರವರಿ 2, ರವಿವಾರ

ಇಷ್ಟು ದಿನ ದಿವಾದ ಕಡೆ ಹೋಗಿರಲಿಲ್ಲ. ಇವತ್ತು ಮೂರು ಹಾಳೆ ಕೊಟ್ಟೆ. ಶರಣಬಸಮ್ಮ ಕುರ್ಚಿ ಒರೆಸಿದಳು. "ಕುಂದರ್ರಿ ಸಾಹೇಬ್ರ. ಚಾ ತಗೋರಿ."

ಬಿಲ್ಡರನ ಹತ್ತಿರ ಹಾಳೆ ಕೇಳಿದೆಯಾ ಎಂದು ಕಾಂಚನಾ ತನ್ನ ಹಿಂದಿಯಲ್ಲಿ: "ಬಿಲ್ಡರ್ ಸೇ ಮಾಂಗಾ?"

"ಕೊಡಲಿಲ್ಲವ್ವಾ."

ಸುಳ್ಳಲ್ಲ. ಕೊಡಲಿಲ್ಲ. ಕೇಳಲೂ ಇಲ್ಲ.

ಯಾರಿಗೆ ಏನು ಸಿಕ್ಕಿತು, ಬರೆದಿಡುತ್ತೇನೆ. ಬಿಲ್ಡರನಿಗೆ ಗಿರಾಕಿಗಳನ್ನು ನಿಲ್ಲಿಸುವ ಗೋಡೆ. ನಗರಸೇವಕರಿಗೆ ಸಭೆಯ ಫೋಟೋ. ಸಂಘಕ್ಕೆ ಡಬ್ಬಲ್ ಚೆಕ್. ನನಗೆ ಬರುವ ವರ್ಷದ ಅಧ್ಯಕ್ಷಗಿರಿ, ಅವಿರೋಧ. ಕಾಂಚನಾಗೆ ತೂತು ಬಿದ್ದ ಗುಡ್ಡ, ನಾಲ್ಕು ಕಡೆ.

ಶರಣಬಸಮ್ಮ ಮೂವತ್ತು ವರ್ಷ ಅಣ್ಣಾ ಎಂದವಳು. ಇವತ್ತು ಸಾಹೇಬ್ರ. ಇದನ್ನು ಯಾವ ಕಡೆ ಬರೆಯಲಿ, ಬಂದದ್ದರಲ್ಲೋ, ಹೋದ—