ಧ್ವಜದ ಹೂವಿನ ಮರ

ಪುಯ್-ಶಾನ್ ಅಕ್ಕ,

ಇದನ್ನು ಕಳಿಸಲು ನಿನ್ನ ವಿಳಾಸವಿಲ್ಲ. ಆದರೂ ಹೇಳಬೇಕು.

ಹಾಂಗ್‌ಕಾಂಗ್ ಬಿಟ್ಟು ಹೊರಟ ದಿನ ಅಜ್ಜಿ, "ಇನ್ಯಾವಾಗ ಬರ್ತೀಯೇ?" ಎಂದಾಗ ನೀನು ನಮ್ಮೂರಿನ ಧ್ವಜದ ಮೇಲಿರುವ ಹೂವನ್ನೇ ಬಿಡುವ, ಕಟ್ಟಡದ ಕೆಳಗಿನ ಮರ ತೋರಿಸಿ, "ಆ ಧ್ವಜದ ಹೂವಿನ ಮರ ಕಾಯಿ ಬಿಟ್ಟಾಗ" ಅಂದಿದ್ದೆ. ಅದು ಕಾಯಿ ಬಿಡದ ಮರ, ಊರಿನಲ್ಲಿರುವುದೆಲ್ಲ ಕಸಿ ಕಟ್ಟಿದ್ದೇ ಎಂದು ಅಜ್ಜಿಗೂ ಗೊತ್ತಿತ್ತು. "ಬಾಯಿ ನೋಡು ಇವಳದ್ದು!" ಎಂದು ನಕ್ಕಿದ್ದಳು.

ಈಗ ಅವಳಿಗೆ ಮರೆವು. ಮರದ ಗುಣ ಮರೆತಿದ್ದಾಳೆ, ನಿನ್ನ ಮಾತನ್ನಲ್ಲ.

ಇವತ್ತು ಬೆಳಿಗ್ಗೆ ನಾನು ಓದುತ್ತ ಕೂತಿದ್ದಾಗ ಚೀಲದ ತುಂಬ ಒಣಗಿದ ಕಾಯಿ ತಂದಳು. ಅವು ಗುಡ್ಡದ ಪಾರ್ಕಿನಲ್ಲಿರುವ, ಅಂಥದೇ ಹೂ ಬಿಡುವ ಬೇರೆ ಜಾತಿಯ ಮರದವು.

"ಕಾಯಿ ಬಿಟ್ಟಿದೆ ಕಣೇ! ಆ ಪುಸ್ತಕ ಮುಚ್ಚಿ ಅವಳಿಗೆ ಫೋನ್ ಮಾಡು."

ಬಳಕೆಯಲ್ಲಿಲ್ಲದ ನಿನ್ನ ನಂಬರಿಗೇ ಮಾಡಿದೆ. "ಅಕ್ಕಾ, ಕಾಯಿ ಬಿಟ್ಟಿದೆಯಂತೆ" ಎಂದೆ.

"ಏನಂದ್ಲು?"

"ಹೊರಟಿದ್ದಾಳೆ, ಅಜ್ಜಿ."

ಅಜ್ಜಿ ಮೀನು ಬೇಯಲಿಟ್ಟು ನಿನ್ನ ಬಟ್ಟಲು ತೊಳೆದಳು. ಕಾಯಿಗಳನ್ನು ಕಿಟಕಿಯ ಬಿಸಿಲಿಗೆ ಹರಡಿದಳು. ಅವು ಒಂದೊಂದಾಗಿ ಟಪ್ಪೆಂದು ಸಿಡಿಯುತ್ತಿವೆ. ಸಿಡಿದಾಗಲೆಲ್ಲ ಅಜ್ಜಿ, "ಬಂದೆ, ತಾಳೇ" ಎನ್ನುತ್ತ ಹೋಗಿ ಬಾಗಿಲು ತೆಗೆಯುತ್ತಾಳೆ.

ಕಿಟಕಿಯಲ್ಲಿ ಇನ್ನೂ ಬಹಳ ಕಾಯಿಗಳಿವೆ. ನಾನು ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ, ಅಕ್ಕ.