ಟೊಮೆಟೊ ಸಾಲಿನ ಆ ತುದಿ

ಕಂಟೋನ್ಮೆಂಟ್, ಬಳ್ಳಾರಿ
೯ ಡಿಸೆಂಬರ್ ೨೦೨೪, ಸೋಮವಾರ

ಕುರುಗೋಡಿನ ಹಸಿರುಮನೆಯ ಯಜಮಾನರಾದ ಗವಿಸಿದ್ದೇಶ್ ಅವರಿಗೆ,

ನಿಮ್ಮ ಹೆಂಡತಿ ಅರುಣಾ ಮಾಡುವ ನಮಸ್ಕಾರ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡಿ. ಫೋನಿನಲ್ಲಿ ನೀವು ಮಧ್ಯೆ ಬಾಯಿ ಹಾಕುತ್ತೀರಿ, ನಾನು ಕಟ್ ಮಾಡುತ್ತೇನೆ. ಎರಡು ವರ್ಷದಿಂದ ಇದೇ ಆಯಿತು. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ಇಲ್ಲಿ ನಾನು ಆರಾಮಾಗಿದ್ದೇನೆ. ತವರು ಹಚ್ಚೊಳ್ಳಿಯಿಂದ, ಅವ್ವನ ಹತ್ತಿರ ಮತ್ತೆ ಬೀಜ ತರಿಸಿ, ಅಕ್ಕ ಶಶಿರೇಖಾಳ ಹಿತ್ತಲಲ್ಲಿ ಜವಾರಿ ಟೊಮೆಟೊ ಹಾಕಿದ್ದೇನೆ. ಹುಳಿ ಹಾಗೇ ಇದೆ. ಬೇಳೆಗೆ ಹಾಕಿ ಪಪ್ಪು ಮಾಡಿದ ದಿನ ಭಾವ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ನೀವಿಲ್ಲದೆ ನನಗೇನೂ ಕಡಿಮೆಯಾಗಿಲ್ಲ.

ಆದರೆ ಬೆಳಿಗ್ಗೆ ಎಲೆ ಮುಟ್ಟಿದರೆ ಸಾಕು, ಕೈಗೆ ಹತ್ತುವ ಆ ವಾಸನೆಗೆ ನಮ್ಮ ಮೊದಲ ವರ್ಷ ಕಣ್ಣ ಮುಂದೆ ಬರುತ್ತದೆ. ಹಸಿರುಮನೆ ಕಟ್ಟಿಸಿದ ಹೊಸತು. ಗಿಡದ ತುಂಬ ಹೂವು, ಒಂದೂ ಕಾಯಿ ಕಚ್ಚಲಿಲ್ಲ. ನೀವು ತಲೆ ಮೇಲೆ ಕೈ ಹೊತ್ತು ಕೂತಿರಿ. ಒಳಗೆ ಗಾಳಿಯಿಲ್ಲ, ಜೇನಿಲ್ಲ, ಹೂವನ್ನು ನಾವೇ ಅಲುಗಿಸಬೇಕು ಎಂದು ಗೊತ್ತಾದ ಮೇಲೆ, ಬಿಸಿಲೇರುವ ಹೊತ್ತಿಗೆ ಇಬ್ಬರೂ ಕೋಲು ಹಿಡಿದು ಒಳಗೆ ಹೋಗುತ್ತಿದ್ದೆವು. ಬಳ್ಳಿ ಕಟ್ಟಿದ ದಾರಗಳನ್ನು ಈ ತುದಿಯಿಂದ ನೀವು ತಟ್ಟುತ್ತಾ ಬರುವುದು, ಆ ತುದಿಯಿಂದ ನಾನು. ಸಾಲಿನ ನಡುವೆ ಎದುರಾದಾಗ ನೀವು ಗುರುತಿಲ್ಲದವರ ಹಾಗೆ, 'ಏನ್ರೀ, ಯಾವೂರು ನಿಮ್ದು? ನಮ್ಮ ತ್ವಾಟಕ್ಕ ಹೆಂಗ ಬಂದ್ರಿ?' ಎಂದು ಕೇಳುತ್ತಿದ್ದಿರಿ. 'ಹಚ್ಚೊಳ್ಳಿರೀ, ದಾರಿ ತಪ್ಪಿ ಬಂದೀನಿ' ಎನ್ನುತ್ತಿದ್ದೆ. ಪ್ರತಿ ಸಾಲಿಗೂ ಅದೇ ಮಾತು, ಪ್ರತಿ ಸಾಲಿಗೂ ನಗು. ಎಷ್ಟು ಚೆನ್ನಾಗಿದ್ದೆವು ರೀ ಆಗ!

ಅಂಥವರು, ನಾನು ಅಕ್ಕನ ಬಾಣಂತನಕ್ಕೆಂದು ಇಲ್ಲಿಗೆ ಬಂದಾಗ, ಹೊರಗಿದ್ದ ನನ್ನ ಗಿಡಗಳನ್ನೆಲ್ಲ ಕಿತ್ತು ಆ ಜಾಗಕ್ಕೆ ಹಸಿರುಮನೆಯನ್ನು ಉದ್ದ ಮಾಡಿಸಿದಿರಿ. ಮದುವೆಯಲ್ಲಿ ಉಡಿ ತುಂಬುವಾಗ ಅವ್ವ ಅಕ್ಕಿಯ ಜೊತೆ ಗಂಟು ಕಟ್ಟಿ ಹಾಕಿದ ಬೀಜದ ಗಿಡಗಳವು. ನನ್ನನ್ನು ಒಂದು ಮಾತು ಕೇಳಲಿಲ್ಲ. ಊರಿಗೆ ಮರಳಿ ಬಂದು ನೋಡಿ, ಯಾಕೆ ಅಂದದ್ದಕ್ಕೆ, 'ಹಣ್ಣು ಸಣ್ಣವು, ಮಾರ್ಕೆಟ್ಟಿನ್ಯಾಗ ಯಾರೂ ಮೂಸಿ ನೋಡಂಗಿಲ್ಲ' ಎಂದಿರಿ. ಬಂದ ಬಸ್ಸಿಗೇ ವಾಪಸ್ಸು ಹತ್ತಿದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಿನ್ನೆ ನಿಮ್ಮಲ್ಲಿ ಕೆಲಸಕ್ಕೆ ಬರುವ ಮೂಕಮ್ಮ ಫೋನ್ ಮಾಡಿದ್ದಳು. 'ನಿನ್ನ ಗಂಡಗ ತಲಿ ಕೆಟ್ಟೈತವ್ವ. ಅರ್ಧ ಸಾಲು ತಟ್ಟತಾನ, ನಡುವ ನಿಂತ್ಕಂತಾನ, ಆಮ್ಯಾಲ ಸುತ್ತು ಹಾಕ್ಕೆಂಡು ಆ ತುದಿಗೆ ಹೋಗಿ ಅಲ್ಲಿಂದ ತಟ್ಟಿಕೆಂತ ಬರ್ತಾನ. ನಾ ತಟ್ಟತೀನಿ ಅಂದ್ರ ಬಿಡವಲ್ಲ. ಅದು ಅರುಣಾನ ಕಡಿ ಅಂತಾನ' ಎಂದಳು. ನಾನು ನಕ್ಕೆ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ನನಗೆ ಹೊರಗಿನ ನೆಲ ಬೇಕು ರೀ. ಗಾಳಿ ಬೀಸುವ ನೆಲ, ನನ್ನನ್ನು ಕೇಳದೆ ಯಾರೂ ಗುದ್ದಲಿ ಹಾಕದ ನೆಲ. ಹಸಿರುಮನೆಯನ್ನು ಆಗ ಉದ್ದ ಮಾಡಿಸಿದಷ್ಟೂ ಬಿಚ್ಚಿಸುವುದಾದರೆ ಮುಂದಿನದು ಮಾತಾಡೋಣ. ಆಗುವುದಿಲ್ಲ ಎನ್ನುವುದಾದರೆ ಈ ಕಾಗದವನ್ನು ಒಲೆಗೆ ಹಾಕಿ. ನಾನಂತೂ ಬೇಡಿಕೊಳ್ಳುವವಳಲ್ಲ.

ಸಿಟ್ಟಿನಲ್ಲಿದ್ದರೂ ನಿಮ್ಮವಳೇ ಆದ,
ಅರುಣಾ

ಮರೆತ ಮಾತು: ಇದನ್ನು ಅಂಚೆಗೆ ಹಾಕಲು ಹೋದವಳು ಕುರುಗೋಡಿನ ಬಸ್ಸು ಹತ್ತಿಬಿಟ್ಟೆ. ಮೂಕಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಇಷ್ಟು ಬರೆದು ಅವಳ ಕೈಗೇ ಕೊಡುತ್ತಿದ್ದೇನೆ. ನೆಲದ ಮಾತು ಒಪ್ಪಿಗೆಯಾದರೆ ಕರೆಯಲು ನೀವೇ ಬನ್ನಿ. ಬೇಗ ಬನ್ನಿ ರೀ, ಆಗಲೇ ಓಣಿಯವರೆಲ್ಲ ಬಂದು ನಿಂತಿದ್ದಾರೆ.